ಪೆನ್ಸಿಲ್ಲಿನಲ್ಲಿ ಬರೆದ ಮೂವತ್ತಾರು ಡಿಗ್ರಿ

ಈ ಬರಹದಲ್ಲಿ ಭಾಷೆಯ ದೋಷಗಳು ಕಂಡರೆ ಅವು ನನ್ನ ಅಭ್ಯಾಸದ ಕೊರತೆಯಿಂದ ಬಂದವು. ಸಂಗತಿಗಳು ಹಿಂದುಮುಂದಾಗಿದ್ದರೆ ಅದು ನನ್ನ ಧೈರ್ಯದ ಕೊರತೆಯಿಂದ. ಎರಡನ್ನೂ ಓದುಗರು ಮನ್ನಿಸಬೇಕೆಂದು ಕೇಳಿಕೊಳ್ಳುತ್ತೇನೆ. ನಮ್ಮ ಮನೆಯಲ್ಲಿ ನನಗಿಂತ ಮೊದಲು ಪದವಿ ಓದಿದವರಿಲ್ಲ. ಪ್ರಯೋಗಾಲಯದ ವರದಿ ಬರೆಯುವುದನ್ನು ಕಲಿತಿದ್ದೇನೆ. ಒಬ್ಬ ಮನುಷ್ಯನ ಕುರಿತು ಬರೆಯುವ ಕ್ರಮ ನನಗೆ ತಿಳಿಯದು. ಇಲ್ಲಿ ಅವರ ಹೆಸರನ್ನು ಬರೆಯುತ್ತಿಲ್ಲ. ಬರೆಯಬಾರದೆಂದು ಅವರ ಮಗಳು ಹೇಳಿದ್ದಾರೆ.

ಜಯನಗರದ ಕಡೆಯ ಒಂದು ಕಾಲೇಜಿನಲ್ಲಿ ನಾನು ಪರಿಸರ ವಿಜ್ಞಾನದ ಎಂ.ಎಸ್ಸಿ. ಓದುತ್ತಿದ್ದಾಗ ಅವರು ನಮ್ಮ ವಿಭಾಗದ ಅಟೆಂಡರ್ ಆಗಿದ್ದರು. ಕಾಯಂ ನೌಕರರಲ್ಲ. ವರ್ಷಕ್ಕೊಮ್ಮೆ ವಿಭಾಗದ ಮುಖ್ಯಸ್ಥರು ಪತ್ರ ಕೊಟ್ಟರೆ ಮುಂದಿನ ವರ್ಷ ಕೆಲಸ, ಇಲ್ಲವಾದರೆ ಇಲ್ಲ. ವಯಸ್ಸು ಐವತ್ತರ ಮೇಲಿತ್ತು. ಗೊಟ್ಟಿಗೆರೆಯ ಹಳೆಯ ಊರಿನವರು. ಅವರ ತಾತ ಕೆರೆಯ ತೂಬು ತೆಗೆದು ಗದ್ದೆಗಳಿಗೆ ನೀರು ಹಂಚುವ ನೀರುಗಂಟಿಯಾಗಿದ್ದರಂತೆ. ಗದ್ದೆಗಳ ಜಾಗದಲ್ಲಿ ಬಡಾವಣೆ ಬಂದಮೇಲೆ ತೂಬು ತೆಗೆಯುವ ಕೆಲಸ ಉಳಿಯಲಿಲ್ಲ. ಆದರೆ ಕೆರೆಯ ಕೆಸರನ್ನು ಮೂಸಿ ನೋಡುವ ಅಭ್ಯಾಸ ಮೊಮ್ಮಗನಿಗೆ ಉಳಿದಿತ್ತು. ಒಂದು ಹಿಡಿ ಕೆಸರನ್ನು ಅಂಗೈಗೆ ಹಾಕಿಕೊಂಡು, ಹೆಬ್ಬೆರಳಿನಿಂದ ತೀಡಿ, ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದರು. ನನ್ನ ಸಹಪಾಠಿಗಳು ಅದನ್ನು ನೋಡಿ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಮೊದಲ ವಾರ ನಾನು ಅವರನ್ನು ಅಣ್ಣ ಎಂದು ಕರೆದಿದ್ದೆ. ಗಿರಿನಗರದಲ್ಲಿ ಇಸ್ತ್ರಿ ಗಾಡಿ ಇಟ್ಟುಕೊಂಡಿರುವ ನನ್ನ ತಂದೆಯ ಓರಗೆಯವರನ್ನು ನಾವು ಹಾಗೆಯೇ ಕರೆಯುತ್ತೇವೆ. ಉಳಿದವರೆಲ್ಲ ಅಂಕಲ್ ಎನ್ನುತ್ತಿದ್ದುದನ್ನು ಕೇಳಿ ಎರಡನೆಯ ವಾರದಿಂದ ನಾನೂ ಅಂಕಲ್ ಎನ್ನತೊಡಗಿದೆ. ಅವರು ಆ ಬದಲಾವಣೆಯನ್ನು ಗಮನಿಸಿದರು ಎಂದು ನನಗೆ ಗೊತ್ತು, ಏಕೆಂದರೆ ಅಂದಿನಿಂದ ಅವರೂ ನನ್ನನ್ನು ಎಲ್ಲರ ಮುಂದೆ ಮೇಡಂ ಎಂದೇ ಕರೆದರು. ನಾವಿಬ್ಬರೇ ಇದ್ದಾಗ ಮಾತ್ರ 'ಕಣಮ್ಮ' ಎನ್ನುತ್ತಿದ್ದರು.

ನನ್ನ ಪ್ರಾಜೆಕ್ಟ್ ಕೆರೆಯ ಕೆಸರಿಗೆ ಸಂಬಂಧಿಸಿದ್ದು. ಗ್ಯಾರೇಜು, ರಸ್ತೆಗಳಿಂದ ಹರಿದು ಬಂದ ವಾಹನಗಳ ಎಣ್ಣೆ ಕೆರೆಯ ತಳದಲ್ಲಿ ಸೇರಿಕೊಳ್ಳುತ್ತದೆ. ಆ ಕೆಸರಿನಲ್ಲಿರುವ ಸೂಕ್ಷ್ಮಜೀವಿಗಳು ಎಣ್ಣೆಯನ್ನು ನಿಧಾನವಾಗಿ ತಿಂದು ಒಡೆಯುತ್ತವೆ. ಚಳಿಯಲ್ಲಿ ಎಷ್ಟು ನಿಧಾನ, ಸೆಕೆಯಲ್ಲಿ ಎಷ್ಟು ಬೇಗ ಎಂದು ಅಳೆಯುವುದು ನನ್ನ ಕೆಲಸವಾಗಿತ್ತು. ಒಂದೇ ಕೆಸರನ್ನು ಬಾಟಲಿಗಳಿಗೆ ತುಂಬಿ ಮೂರು ಬೇರೆ ಬೇರೆ ಶಾಖಗಳಲ್ಲಿ ಇಟ್ಟು, ವಾರಕ್ಕೊಮ್ಮೆ ಉಳಿದ ಎಣ್ಣೆಯನ್ನು ಅಳೆಯಬೇಕು.

ಮೊದಲ ಸಲ ಇದನ್ನು ನನಗೆ ಅರ್ಥವಾಗುವಂತೆ ವಿವರಿಸಿದವರು ಅವರು. ಅವರ ಮನೆಯ ಮೊಸರಿನ ಉದಾಹರಣೆ ಕೊಟ್ಟರು. ಡಿಸೆಂಬರಿನಲ್ಲಿ ಹೆಪ್ಪು ಹಾಕಿದ ಹಾಲು ಬೆಳಿಗ್ಗೆಯಾದರೂ ಹಾಲಾಗಿಯೇ ಇರುತ್ತದೆ, ಏಪ್ರಿಲ್‌ನಲ್ಲಿ ಮಧ್ಯಾಹ್ನಕ್ಕೇ ಹುಳಿಯಾಗುತ್ತದೆ, ಕೆರೆಯ ತಳದಲ್ಲಿಯೂ ಅದೇ ನಡೆಯುವುದು ಎಂದರು. ಹಾಗಾದರೆ ಶಾಖ ಹೆಚ್ಚಾದಷ್ಟೂ ಒಳ್ಳೆಯದೇ ಎಂದು ನಾನು ಕೇಳಿದೆ. ಕುದಿಯುವ ಹಾಲಿಗೆ ಹೆಪ್ಪು ಹಾಕಿ ನೋಡು ಎಂದು ಹೇಳಿ ಪಿಪೆಟ್ಟುಗಳನ್ನು ತೊಳೆಯುವುದಕ್ಕೆ ಹೋದರು. ಅದೇ ವಿಷಯವನ್ನು ಆಮೇಲೆ ನಾನು ಇಂಗ್ಲಿಷಿನಲ್ಲಿ ಐದು ಪುಟ ಬರೆದೆ.

ಕೆಸರು ತರಲು ತಲಘಟ್ಟಪುರದ ಆಚೆಯ ಒಂದು ಕೆರೆಗೆ ಹೋಗುತ್ತಿದ್ದೆವು. ಅವರು ಪ್ಯಾಂಟನ್ನು ಮೊಣಕಾಲಿನ ಮೇಲೆ ಮಡಚಿ, ಕೆಸರು ತೆಗೆಯುವ ಉದ್ದದ ಪೈಪನ್ನು ಭುಜಕ್ಕೆ ಆನಿಸಿಕೊಂಡು ನೀರಿಗೆ ಇಳಿಯುತ್ತಿದ್ದರು. ನಾನು ಏರಿಯ ಮೇಲೆ ನೋಟ್‌ಬುಕ್ ಹಿಡಿದು ನಿಲ್ಲುತ್ತಿದ್ದೆ. ಥರ್ಮಾಮೀಟರನ್ನು ಬಿದಿರುಕೋಲಿಗೆ ಕಟ್ಟಿ ಕೆಸರಿನೊಳಗೆ ಇಳಿಸಿ, ಅವರು ಒಂದರಿಂದ ನೂರರವರೆಗೆ ಎಣಿಸುತ್ತಿದ್ದರು. ಎಂಬತ್ತಕ್ಕೇ ಓದಿಬಿಡಿ ಎಂದು ನಾನು ಅವಸರ ಮಾಡಿದರೆ ಉತ್ತರ ಕೊಡದೆ ಎಣಿಕೆಯನ್ನು ಮುಂದುವರಿಸುತ್ತಿದ್ದರು. ಮೇಲಿನ ನೀರು ಬೆಚ್ಚಗಿದ್ದರೂ ತಳದ ಕೆಸರು ತಣ್ಣಗಿರುತ್ತದೆ. ಮೇಲೆ ಅಳೆದು ಕೆಳಗಿನದು ಎಂದು ಬರೆಯುವವರು ಬಹಳ ಜನ ಎಂದು ಒಮ್ಮೆ ಹೇಳಿದರು. ಯಾರನ್ನೂ ಹೆಸರಿಸಲಿಲ್ಲ.

ನನ್ನ ಗೈಡ್ ಮೇಡಂ ಯಾವುದೋ ವಿದೇಶದ ಪ್ರಬಂಧವನ್ನು ಅನುಸರಿಸಿ ಕನಿಷ್ಠ ಶಾಖವನ್ನು ಹತ್ತು ಡಿಗ್ರಿ ಎಂದು ನಿಗದಿ ಮಾಡಿದ್ದರು. ಚಹಾ ಕೊಡಲು ಬಂದ ಅಟೆಂಡರ್ ಅದನ್ನು ಕೇಳಿಸಿಕೊಂಡು, "ನಮ್ಮ ಕೆರೆ ಹತ್ತಕ್ಕೆ ಇಳಿಯಲ್ಲ ಮೇಡಂ. ಸಂಕ್ರಾಂತಿ ಟೈಮಲ್ಲೂ ಹದಿನೆಂಟರ ಕೆಳಗೆ ನಾನು ನೋಡಿಲ್ಲ" ಎಂದರು.

"ನೀವು ಯಾವಾಗ ನೋಡಿದ್ರಿ?" ಎಂದು ಮೇಡಂ ನಕ್ಕರು.

"ಭಾನುವಾರ ಸುಮ್ಮನೆ ಹೋಗ್ತಿರ್ತೀನಿ. ನಮ್ಮನೆಯವಳು ಬೈತಾಳೆ. ಕೆರೆ ಏನು ನಿಮ್ಮತ್ತೆ ಮನೆಯಾ, ವಾರವಾರ ಹೋಗಕ್ಕೆ ಅಂತಾಳೆ."

ಮೇಡಂ ಒಳ್ಳೆಯವರು. ಒಂದು ವಾರ ಯೋಚಿಸಿ ಹತ್ತನ್ನು ಹದಿನೆಂಟು ಮಾಡಿದರು. ಹೀಗೆ ನನ್ನ ಪ್ರಾಜೆಕ್ಟಿನ ಶಾಖಗಳು ಹದಿನೆಂಟು, ಇಪ್ಪತ್ತಾರು, ಮೂವತ್ತನಾಲ್ಕು ಎಂದಾದವು. ಆ ಹದಿನೆಂಟು ಎಲ್ಲಿಂದ ಬಂತೆಂದು ನನ್ನ ಪ್ರಬಂಧದಲ್ಲಿ ಎಲ್ಲಿಯೂ ಬರೆದಿಲ್ಲ. ಕೃತಜ್ಞತೆಯ ಪುಟದಲ್ಲಿ ಪ್ರಿನ್ಸಿಪಾಲರಿದ್ದಾರೆ, ಮೇಡಂ ಇದ್ದಾರೆ, ಗೆಳತಿಯರಿದ್ದಾರೆ, ತಂದೆತಾಯಿ ಇದ್ದಾರೆ. ಅವರಿಲ್ಲ.

ಬಾಟಲಿಗಳನ್ನು ಇಡುವ ಯಂತ್ರಕ್ಕೆ ಇನ್‌ಕ್ಯುಬೇಟರ್ ಎನ್ನುತ್ತಾರೆ. ನೋಡಲು ಫ್ರಿಜ್‌ನಂತಿರುತ್ತದೆ, ಒಳಗಿನ ಶಾಖವನ್ನು ನಾವು ಹೇಳಿದ ಮಟ್ಟದಲ್ಲಿ ಹಿಡಿದಿಡುತ್ತದೆ. ಹದಿನೆಂಟು ಡಿಗ್ರಿಯ ಯಂತ್ರ ಹಳೆಯದು. ಕರೆಂಟ್ ಹೋಗಿ ಬಂದರೆ ಅದು ನಾವು ಇಟ್ಟ ಅಂಕೆಯನ್ನು ಮರೆತು ತಾನಾಗಿಯೇ ಮೂವತ್ತೇಳಕ್ಕೆ ಏರುತ್ತಿತ್ತು. ಅದಕ್ಕಾಗಿಯೇ ಬಾಗಿಲಿಗೆ ಒಂದು ರಿಜಿಸ್ಟರ್ ತೂಗುಹಾಕಿದ್ದರು. ದಿನಕ್ಕೆರಡು ಸಲ ವಿದ್ಯಾರ್ಥಿಗಳು ಬಂದು ಶಾಖ ನೋಡಿ ಬರೆಯಬೇಕು, ರಜೆಯ ದಿನವೂ ಸರದಿಯ ಪ್ರಕಾರ ಬರಬೇಕು. ಯಂತ್ರದ ಮುಖದ ಮೇಲಿನ ಅಂಕೆಯನ್ನು ನಮ್ಮ ಅಟೆಂಡರ್ ನಂಬುತ್ತಿರಲಿಲ್ಲ. ಒಳಗೆ ನೀರಿನ ಬಾಟಲಿಯೊಂದರಲ್ಲಿ ಗಾಜಿನ ಥರ್ಮಾಮೀಟರ್ ಇಟ್ಟಿದ್ದರು. ತಂಪು ಹೊರಗೆ ಹೋಗದಂತೆ ಬಾಗಿಲನ್ನು ನಾಲ್ಕು ಬೆರಳಷ್ಟು ಮಾತ್ರ ತೆರೆದು, ಕತ್ತನ್ನು ಓರೆ ಮಾಡಿ ಅದನ್ನು ಓದುತ್ತಿದ್ದರು.

ಆ ರಿಜಿಸ್ಟರಿಗೆ ಒಂದು ನಿಯಮವಿತ್ತು. ಅದು ವಿದ್ಯಾರ್ಥಿಗಳ ದಾಖಲೆಯಾದುದರಿಂದ ಅಟೆಂಡರ್ ಅದರಲ್ಲಿ ಪೆನ್ನಿನಿಂದ ಬರೆಯುವಂತಿರಲಿಲ್ಲ. ಏನಾದರೂ ತಿಳಿಸುವುದಿದ್ದರೆ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಬರೆದಿಡಬೇಕು. ವಿದ್ಯಾರ್ಥಿ ಅದನ್ನು ನೋಡಿ ತಾನು ಇಂಕಿನಲ್ಲಿ ಬರೆಯಬೇಕು. ವಿದ್ಯಾರ್ಥಿಗಳಾದ ನಮ್ಮಲ್ಲೂ ಒಂದು ರೂಢಿಯಿತ್ತು. ರಜೆಯ ದಿನಗಳ ಅಂಕೆಗಳನ್ನು ರಜೆ ಬರುವ ಮೊದಲೇ ತುಂಬಿಬಿಡುವುದು. ಎರಡು ಬೇರೆ ಪೆನ್ನುಗಳನ್ನು ಬಳಸಿ, ಹದಿನೆಂಟು, ಹದಿನೆಂಟು ಪಾಯಿಂಟ್ ಒಂದು, ಹದಿನೇಳು ಪಾಯಿಂಟ್ ಒಂಬತ್ತು ಎಂದು ಸಹಜವಾಗಿ ಕಾಣುವಂತೆ ಬರೆಯುವುದನ್ನು ಹಿರಿಯ ವಿದ್ಯಾರ್ಥಿನಿಯೊಬ್ಬರು ನನಗೆ ಕಲಿಸಿದ್ದರು.

ಯುಗಾದಿಯ ವೇಳೆಗೆ ನಾಲ್ಕು ದಿನ ಸತತ ರಜೆ ಬಂತು. ಸರದಿ ನನ್ನದು. ಸಹಪಾಠಿಗಳು ಪ್ರವಾಸ ಹೊರಟಿದ್ದರು, ನನ್ನನ್ನೂ ಕರೆದಿದ್ದರು. ಅವರು ನನ್ನನ್ನು ಎಲ್ಲಿಗಾದರೂ ಕರೆದದ್ದು ಅದೇ ಮೊದಲು. ಗುರುವಾರದಿಂದ ಭಾನುವಾರದವರೆಗಿನ ಎಂಟು ಅಂಕೆಗಳನ್ನು ಬುಧವಾರ ಸಂಜೆ ನಾಲ್ಕು ಗಂಟೆಗೆ ಬರೆದು ಮುಗಿಸಿ ಹೊರಟೆ.

ಸೋಮವಾರ ಬೆಳಿಗ್ಗೆ ಬಂದು ರಿಜಿಸ್ಟರ್ ತೆಗೆದಾಗ ನನ್ನ ಅಂಕೆಗಳ ಪಕ್ಕದಲ್ಲಿ ಅವರ ಗುಂಡಗಿನ ಅಕ್ಷರಗಳಿದ್ದವು. ಭಾನುವಾರ ಹನ್ನೊಂದು ಗಂಟೆಗೆ ಬಂದಿದ್ದೆ, ಕರೆಂಟ್ ಹೋಗಿ ಬಂದಿರುವಂತೆ ಕಾಣುತ್ತದೆ, ಒಳಗೆ ಮೂವತ್ತಾರು ಡಿಗ್ರಿ ಇತ್ತು, ಹದಿನೆಂಟಕ್ಕೆ ಇಟ್ಟಿದ್ದೇನೆ ಎಂದು ಬರೆದಿದ್ದರು. ಅದರ ಎಡಗಡೆ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಹದಿನೆಂಟು ಪಾಯಿಂಟ್ ಒಂದು ಎಂಬ ನನ್ನ ಅಂಕೆಯೂ, ಕೆಳಗೆ ನನ್ನ ಸಹಿಯೂ ಇದ್ದವು.

ಅವರು ಆ ವೇಳೆಗೆ ನೀರು ತರಲು ಕೆಳಗೆ ಹೋಗಿದ್ದರು. ನನ್ನ ಚೀಲದಲ್ಲಿ ರಬ್ಬರ್ ಇತ್ತು. ಅಳಿಸಿದೆ. ಪುಡಿಯನ್ನು ಊದಿ, ಪುಟವನ್ನು ಅಂಗೈಯಿಂದ ಒರೆಸಿದೆ. ಇಷ್ಟು ಮಾಡಲು ಒಂದು ನಿಮಿಷವೂ ಬೇಕಾಗಲಿಲ್ಲ. ಆಮೇಲೆ ಹೇಳಿದರಾಯಿತು ಎಂದುಕೊಂಡೆನೆಂದು ಇಲ್ಲಿ ಬರೆಯಬಹುದಾಗಿತ್ತು. ಆದರೆ ಹಾಗೆ ಅಂದುಕೊಂಡ ನೆನಪು ನನಗಿಲ್ಲ.

ಆ ವಾರದ ಅಳತೆಯಲ್ಲಿ ಹದಿನೆಂಟು ಡಿಗ್ರಿಯ ಬಾಟಲಿಗಳಲ್ಲಿದ್ದ ಎಣ್ಣೆ ಒಮ್ಮೆಗೇ ಕಡಿಮೆಯಾಗಿತ್ತು. ಮೇಡಂ ಮೊದಲು ಸಂತೋಷಪಟ್ಟರು. ತಂಪಿನಲ್ಲೂ ಇಷ್ಟು ಚುರುಕಾಗಿ ಕೆಲಸ ಮಾಡುವ ಜೀವಿಗಳು ನಮ್ಮ ಕೆರೆಯಲ್ಲಿವೆಯೇ ಎಂದು ಆಶ್ಚರ್ಯಪಟ್ಟರು. ಹಿಂದಿನ ವಾರಗಳ ಅಂಕೆಗಳ ಜೊತೆ ಹೋಲಿಸಿದ ಮೇಲೆ ಅವರ ಮುಖ ಬದಲಾಯಿತು. ಯಂತ್ರದಲ್ಲಿ ಏನೋ ಆಗಿದೆ ಎಂದರು. ರಿಜಿಸ್ಟರ್ ತರಿಸಿದರು. ಅದರಲ್ಲಿ ನಾಲ್ಕೂ ದಿನ ಹದಿನೆಂಟು. ಅಟೆಂಡರನ್ನು ಕರೆಸಿದರು.

"ರಜೆಯಲ್ಲಿ ಈ ಮಿಷನ್ ಯಾರಾದ್ರೂ ಮುಟ್ಟಿದ್ರಾ?"

"ನಾನೇ ಮೇಡಂ. ಭಾನುವಾರ ಹನ್ನೊಂದಕ್ಕೆ ಬಂದಿದ್ದೆ. ಮೂವತ್ತಾರಕ್ಕೆ ಹೋಗಿತ್ತು, ಸರಿ ಮಾಡಿದೆ."

"ಭಾನುವಾರ ಒಂಬತ್ತಕ್ಕೆ ಹದಿನೆಂಟು ಇದೆ ಅಂತ ಇವಳು ಬರೆದಿದ್ದಾಳಲ್ರೀ."

ಅವರು ನನ್ನ ಕಡೆ ನೋಡಲಿಲ್ಲ. "ನಾನು ಪೆನ್ಸಿಲ್ಲಲ್ಲಿ ಬರೆದಿಟ್ಟಿದ್ದೀನಿ ಮೇಡಂ, ಪಕ್ಕದಲ್ಲೇ ಇದೆ ನೋಡಿ" ಎಂದರು. ಮೇಡಂ ರಿಜಿಸ್ಟರನ್ನು ಅವರತ್ತ ತಿರುಗಿಸಿದರು. ಅವರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಆ ಪುಟವನ್ನು ನೋಡಿದರು. ಬೆರಳಿಟ್ಟು ಮೇಲಿನಿಂದ ಕೆಳಗೆ ಒಂದು ಸಲ ಹುಡುಕಿದರು. ಹಿಂದಿನ ಪುಟ ತಿರುವಿ, ಮತ್ತೆ ಈ ಪುಟಕ್ಕೆ ಬಂದರು.

ಮೇಡಂ ನನ್ನನ್ನು ಕೇಳಿದರು: "ನೀನು ನೋಡಿದ್ಯಾ?"

"ಇಲ್ಲ ಮೇಡಂ" ಎಂದೆ.

"ನಾಲ್ಕೂ ದಿನ ಬಂದಿದ್ದೆ ತಾನೆ?"

"ಬಂದಿದ್ದೆ ಮೇಡಂ."

ಮೇಡಂ ಮಾಡಿದ ತರ್ಕ ಮೇಲ್ನೋಟಕ್ಕೆ ಸರಿಯಾಗಿಯೇ ಇತ್ತು. ಒಂಬತ್ತಕ್ಕೆ ಹದಿನೆಂಟಿದ್ದ ಯಂತ್ರವನ್ನು ಹನ್ನೊಂದಕ್ಕೆ ಮುಟ್ಟಿದವರು ಒಬ್ಬರೇ. ಮುಟ್ಟಿದ್ದೇನೆಂದು ಅವರೇ ಹೇಳಿದ್ದಾರೆ. ಬರೆದಿದ್ದೇನೆ ಎಂದದ್ದು ಅಲ್ಲಿ ಇಲ್ಲ. ರಜೆಯಲ್ಲಿ ಬಂದವರು ಸಹಿ ಮಾಡುವ ಪುಸ್ತಕ ಗೇಟಿನಲ್ಲಿತ್ತು. ಅದನ್ನು ತರಿಸಿ ನೋಡಿ ಎಂದು ಅವರು ಹೇಳಬಹುದಿತ್ತು, ಹೇಳಲಿಲ್ಲ. ಏಕೆಂದು ಊಹಿಸಿ ಅವರಿಗೆ ದೊಡ್ಡತನವನ್ನು ಆರೋಪಿಸುವ ಹಕ್ಕು ನನಗಿಲ್ಲ. ತನ್ನ ಮಾತಿಗೆ ಇನ್ನೊಂದು ಸಾಕ್ಷಿ ಬೇಕಾಗುತ್ತದೆ ಎಂಬುದೇ ಅವರಿಗೆ ಆ ಕ್ಷಣ ಹೊಳೆದಿರಲಿಕ್ಕಿಲ್ಲ.

ಮಧ್ಯಾಹ್ನ ಕಾರಿಡಾರಿನಲ್ಲಿ ಎದುರಾದರು. ನಾನು ಗೋಡೆಯ ಕಡೆ ಸರಿದೆ. ಅವರು ನಿಂತು, ಎಂದಿನ ದನಿಯಲ್ಲಿಯೇ ಹೇಳಿದರು: "ಆ ಬಾಟಲ್‌ಗಳನ್ನ ಚೆಲ್ಲಿ ಹೊಸದಾಗಿ ಇಡು ಕಣಮ್ಮ. ಎಷ್ಟು ದಿನವೋ ಸೆಕೆ ತಿಂದಿರೋ ಕೆಸರು ಅದು. ಅದರಿಂದ ನಮ್ಮ ಕೆರೆ ವಿಷಯ ಏನೂ ಗೊತ್ತಾಗಲ್ಲ."

ಅದರ ಹೊರತು ನನಗೆ ಒಂದು ಮಾತನ್ನೂ ಅನ್ನಲಿಲ್ಲ. ಮೇ ತಿಂಗಳಲ್ಲಿ ಮುಖ್ಯಸ್ಥರ ಪತ್ರ ಅವರಿಗೆ ಸಿಗಲಿಲ್ಲ. ಸಂಶೋಧನೆಯ ಸಾಮಗ್ರಿಯನ್ನು ಕೆಡಿಸಿದ್ದಲ್ಲದೆ ಸುಳ್ಳು ಹೇಳಿದರು ಎಂಬ ಕಾರಣ ವಿಭಾಗದಲ್ಲಿ ಎಲ್ಲರಿಗೂ ತಿಳಿದಿತ್ತು. ಕೊನೆಯ ದಿನ ಅವರು ಗಾಜಿನ ಸಾಮಾನುಗಳನ್ನೆಲ್ಲ ತೊಳೆದು, ಬೋರಲು ಹಾಕಿ, ಕಪಾಟಿನ ಬೀಗದ ಕೈಗಳನ್ನು ಒಂದೊಂದಾಗಿ ಹೆಸರು ಹೇಳಿ ಒಪ್ಪಿಸಿ ಹೋದರೆಂದು ಕೇಳಿದೆ. ನಾನು ಅಂದು ಲೈಬ್ರರಿಯಲ್ಲಿದ್ದೆ.

ಹೊಸ ಕೆಸರನ್ನು ತರಲು ನಾನೇ ನೀರಿಗೆ ಇಳಿಯಬೇಕಾಯಿತು. ಕಾಲು ಹೂತುಹೋಗುವ ಆ ತಂಪು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಬಿಸಿಲು ನೆತ್ತಿ ಸುಡುತ್ತಿತ್ತು, ನೀರು ಬೆಚ್ಚಗಿತ್ತು, ಪಾದದ ಕೆಳಗೆ ಮಾತ್ರ ಬೇರೆ ಋತು. ಥರ್ಮಾಮೀಟರ್ ಇಳಿಸಿ ಎಣಿಸಿದೆ. ಎಂಬತ್ತರ ನಂತರವೂ ಪಾದರಸ ಕೆಳಗೆ ಸರಿಯುತ್ತಿತ್ತು. ಎರಡನೆಯ ಸಲದ ಪ್ರಯೋಗದಲ್ಲಿ ಹದಿನೆಂಟು ಡಿಗ್ರಿಯ ಬಾಟಲಿಗಳು ಬಹಳ ನಿಧಾನವಾಗಿದ್ದವು, ಅವರು ಹೇಳಿದ್ದಂತೆಯೇ. ಮೇಡಂ ಮೆಚ್ಚಿಕೊಂಡರು. ನನಗೆ ಒಳ್ಳೆಯ ಅಂಕಗಳು ಬಂದವು. ಜೆ.ಪಿ. ನಗರದ ನೀರು ಪರೀಕ್ಷಾ ಲ್ಯಾಬೊಂದರಲ್ಲಿ ಕೆಲಸ ಸಿಕ್ಕಿತು. ತಂದೆ ಇಸ್ತ್ರಿ ಗಾಡಿಯ ಮುಂದೆ ನಿಂತ ಪ್ರತಿಯೊಬ್ಬರಿಗೂ ಅದನ್ನು ಹೇಳಿದರು.

ಈ ವರ್ಷದ ಆರಂಭದಲ್ಲಿ ಕಾಲೇಜಿನ ಹಳೆಯ ವಾಚ್‌ಮನ್ ಬನಶಂಕರಿ ಬಸ್ ನಿಲ್ದಾಣದಲ್ಲಿ ಸಿಕ್ಕಿ, ಅವರು ಹೃದಯಾಘಾತದಿಂದ ತೀರಿಕೊಂಡು ಹತ್ತು ದಿನವಾಯಿತೆಂದರು. ಐದು ವರ್ಷ ನಾನು ಹೋಗದಿದ್ದ ಮನೆಗೆ ಮಾರನೆಯ ದಿನ ಹೋದೆ. ಗೊಟ್ಟಿಗೆರೆಯ ಹಳೆಯ ಬೀದಿಯಲ್ಲಿ ಎರಡು ಕೋಣೆಗಳ ಮನೆ. ಗೋಡೆಯ ಮೇಲೆ ಬುದ್ಧನ ಚಿತ್ರ, ಅದರ ಕೆಳಗೆ ಕುರ್ಚಿಯ ಮೇಲೆ ಅವರ ಫೋಟೊ. ಪತ್ನಿಯೂ ಮಗಳೂ ಇದ್ದರು. ಕಾಲೇಜಿನ ವಿದ್ಯಾರ್ಥಿನಿ ಎಂದು ನಾನು ಪರಿಚಯ ಹೇಳಿಕೊಂಡೆ. ಕಾಲೇಜಿನವರು ಯಾರಾದರೂ ಬಂದರಲ್ಲ ಎಂದು ಆ ತಾಯಿ ಚಾಪೆ ಹಾಸಿದರು.

ಅವರೇ ಮಾತು ತೆಗೆದರು. ಆಕೆಯ ಸ್ವಂತ ಅಣ್ಣ, ಆ ಕಾಲೇಜಿನ ಆಫೀಸಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು, ತಾವೇ ಹೇಳಿ ತಂಗಿಯ ಗಂಡನಿಗೆ ಈ ಕೆಲಸ ಕೊಡಿಸಿದ್ದರಂತೆ. ಸುಳ್ಳು ಹೇಳಿ ನನ್ನ ಮರ್ಯಾದೆ ತೆಗೆದ ಎಂದು ಆ ಅಣ್ಣ ಈ ಮನೆಗೆ ಬರುವುದನ್ನು ನಿಲ್ಲಿಸಿದರು. ತಂಗಿಯ ಗಂಡ ಸತ್ತ ದಿನವೂ ಬೀದಿಯ ತುದಿಯಲ್ಲಿಯೇ ನಿಂತು ಹೊರಟುಹೋದರು. ಪತಿ ಆಮೇಲೆ ಒಂದು ಅಪಾರ್ಟ್‌ಮೆಂಟಿನಲ್ಲಿ ತೋಟದ ಕೆಲಸ ಮಾಡುತ್ತಿದ್ದರು. ಮಗಳು ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡಿದ್ದವರು, ಅದನ್ನು ಬಿಟ್ಟು ಕೆಲಸಕ್ಕೆ ಸೇರಿದ್ದರು.

"ಬರೆದಿದ್ದೆ ಕಣೇ, ನನ್ನ ಕೈಯಾರೆ ಬರೆದಿದ್ದೆ ಅಂತ ಹೋಗೋವರೆಗೂ ಅಂತಿದ್ರು" ಎಂದರು ಆ ತಾಯಿ. "ನಾನೂ ಬೈದ್ಬಿಟ್ಟೆ ಒಂದಿನ. ಬರೆದಿದ್ರೆ ಎಲ್ಲೋಯ್ತು, ಹಾರೋಯ್ತಾ, ತಪ್ಪು ಒಪ್ಕೊಂಡ್ರೆ ನಮ್ಮಣ್ಣ ಬತ್ತಾನೆ ಅಂದೆ. ಅವತ್ತಿಂದ ಆ ಮಾತೇ ಬಿಟ್ಬಿಟ್ರು."

ನಾನು ಚಾಪೆಯ ಮೇಲಿನಿಂದ ಎದ್ದು ನಿಂತೆ. ಕುಳಿತು ಹೇಳುವುದು ನನ್ನಿಂದಾಗಲಿಲ್ಲ. "ಅವರು ಬರೆದಿದ್ರು ಅಮ್ಮ. ಅಳಿಸಿದ್ದು ನಾನು" ಎಂದೆ.

ಆ ತಾಯಿ ಮಗಳ ಮುಖ ನೋಡಿದರು, ತಾವು ಕೇಳಿದ್ದು ಸರಿಯೇ ಎನ್ನುವಂತೆ. ನಾನು ಎಲ್ಲವನ್ನೂ ಹೇಳಿದೆ: ಬುಧವಾರ ಸಂಜೆ, ಎರಡು ಪೆನ್ನು, ಪ್ರವಾಸ, ರಬ್ಬರ್. ಹೇಳುತ್ತಾ ಹೋದಂತೆ ಅದು ಎಷ್ಟು ಸಣ್ಣ ಕಾರಣಕ್ಕೆ ನಡೆದದ್ದೆಂದು ನನಗೇ ಕೇಳಿಸಿತು. ಕೆರೆಗೆ ವಿಷ ಬಿಡುವವರ ಬಗ್ಗೆ ನಾನು ಸೆಮಿನಾರುಗಳಲ್ಲಿ ಮಾತನಾಡಿದ್ದೇನೆ.

ಮಗಳು ಕೇಳಿದರು: "ಅಪ್ಪ ಇದ್ದಾಗ ಯಾಕೆ ಬರಲಿಲ್ಲ ಅಕ್ಕ?"

ಹೆದರಿಕೆಯಾಗಿತ್ತು ಎಂದೆ.

"ಈಗ ಆಗಲ್ವಾ?"

ಮಗಳೇ ಮುಂದುವರಿದು, "ಹೆದರಿಕೆ ಆಗಲ್ಲ ಅಂದ್ರೆ ಇಲ್ಲಿ ಹೇಳಿದ್ದನ್ನ ಅಲ್ಲಿ ಹೋಗಿ ಹೇಳಿ" ಎಂದರು. "ನಮಗೆ ಹೇಳಿ ನೀವು ಹಗುರ ಆಗಿ ಹೋಗ್ಬೇಡಿ. ಅಪ್ಪನ ಹೆಸರನ್ನ ಎಲ್ಲೂ ಕತೆ ಮಾಡಿ ಬರೀಲೂಬೇಡಿ." ಆ ತಾಯಿ ಮಾತ್ರ ಫೋಟೊದ ಕಡೆ ತಿರುಗಿ ಕುಳಿತು, ನಾನು ಹೊರಡುವವರೆಗೂ ಈ ಕಡೆ ತಿರುಗಲಿಲ್ಲ.

ಮರುವಾರ ವಿಭಾಗಕ್ಕೆ ಪತ್ರ ಬರೆದು, ಅದನ್ನು ಹಿಡಿದುಕೊಂಡು ನಾನೇ ಹೋದೆ. ಮೇಡಂ ಈಗ ಮುಖ್ಯಸ್ಥರು. ಎರಡು ಸಲ ಓದಿದರು. ಆ ಅಂಕೆಗಳನ್ನು ಆಗಲೇ ಕೈಬಿಟ್ಟಿದ್ದರಿಂದ ನನ್ನ ಪದವಿಗೆ ತೊಂದರೆಯಾಗದು ಎಂದರು. ಅದನ್ನು ಕೇಳಿ ನನಗೆ ಸಮಾಧಾನವಾಯಿತು, ಸಮಾಧಾನವಾದದ್ದಕ್ಕೆ ನಾಚಿಕೆಯಾಯಿತು. ಪತ್ರವನ್ನು ಮಡಚಿಡುತ್ತಾ ಮೇಡಂ, "ಗೇಟಿನ ಪುಸ್ತಕ ನಾನಾದ್ರೂ ತರಿಸಬೇಕಿತ್ತು" ಎಂದರು. ಯಂತ್ರ ತನ್ನಷ್ಟಕ್ಕೆ ಕೆಟ್ಟಿತ್ತು, ಅದನ್ನು ಸರಿಪಡಿಸಿದವರು ಅವರು, ದಾಖಲಿಸಿದ್ದೂ ಅವರೇ, ಅವರು ಹೇಳಿದ್ದು ನಿಜ ಎಂದು ವಿಭಾಗದ ಕಾಗದದಲ್ಲಿ ಕನ್ನಡದಲ್ಲಿ ಬರೆದು, ಸಹಿ ಹಾಕಿ, ಆ ಮನೆಗೆ ಅಂಚೆಯಲ್ಲಿ ಕಳುಹಿಸಿದರು.

ಆ ಕುಟುಂಬದಲ್ಲಿ ಆಮೇಲೆ ಆದ ಬದಲಾವಣೆ ಇಷ್ಟು. ಪತ್ರ ತಲುಪಿದ ವಾರ ಆ ತಾಯಿಯ ಅಣ್ಣ ಮನೆಗೆ ಬಂದು ತಂಗಿಯ ಗಂಡನ ಫೋಟೊದ ಮುಂದೆ ಸ್ವಲ್ಪ ಹೊತ್ತು ಕುಳಿತು ಹೋದರಂತೆ. ಈಗ ತಿಂಗಳಿಗೆ ಎರಡು ಸಲ ಬರುತ್ತಾರೆ. ತಾಯಿ ಐದು ವರ್ಷಗಳ ನಂತರ ಮೊದಲ ಬಾರಿಗೆ ತವರಿನ ಒಂದು ಮದುವೆಗೆ ಹೋಗಿ ಬಂದರು. ಇವನ್ನು ನನಗೆ ತಿಳಿಸಿದವರು ವಾಚ್‌ಮನ್. ಮಗಳು ವಿಜ್ಞಾನಕ್ಕೆ ಹಿಂತಿರುಗಲಿಲ್ಲ. ಬನ್ನೇರುಘಟ್ಟ ರಸ್ತೆಯ ಅಂಗಡಿಯೊಂದರ ಬಿಲ್ಲಿಂಗ್ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದಾರೆ. ನಾನು ಕರೆ ಮಾಡಿದರೆ ಅವರು ಫೋನ್ ತೆಗೆಯುವುದಿಲ್ಲ.